ಅಡಿಕೆ ಸುಲಿಯುತ್ತಾ ಅಮೆರಿಕದ ಪೌರತ್ವ ಪರೀಕ್ಷೆ: ಮನೆಯಲ್ಲೇ ತಯಾರಿ ಹೇಗೆ?

ಹೋದ ಡಿಸೆಂಬರ್‌ನಲ್ಲಿ ನಮ್ಮ ಅತ್ತಿಗೆ ಕೊಯ್ಲಿಗೆ ಅಂತ ಊರಿಗೆ ಬಂದರು. ಅವರಿಗೆ 61 ವರ್ಷ. ಮಗ ಇರುವುದು ನ್ಯೂಜೆರ್ಸಿಯಲ್ಲಿ. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷವಾದರೂ ಅಡಿಕೆ ಸುಲಿಯುವ ಹೊತ್ತಿಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗಲಿಗೆ ಬಾರದ ವರ್ಷವಿಲ್ಲ. ಈ ಸಲ ಸೂಟ್‌ಕೇಸಿನಲ್ಲಿ ಚಾಕಲೇಟ್ ಜೊತೆ ಒಂದು ಪುಸ್ತಕವೂ ಇತ್ತು. ‘ಸಿಟಿಜನ್‌ಶಿಪ್ ಪರೀಕ್ಷೆ ಇದೆ ಕಣೆ. ಜನ್ಮವಿಡೀ ಮಕ್ಕಳಿಗೆ ಸಮಾಜ ಪಾಠ ಮಾಡಿದವಳಲ್ವಾ ನೀನು, ನಂಗೂ ಸ್ವಲ್ಪ ಹೇಳಿಕೊಡು’ ಅಂದರು.

ಪುಸ್ತಕ ತೆಗೆದು ಒಂದು ಪ್ರಶ್ನೆ ಕೇಳಿದೆ. ‘ವಾಟ್ ಈಸ್ ದ ಸುಪ್ರೀಂ ಲಾ ಆಫ್ ದ ಲ್ಯಾಂಡ್?’ ಅತ್ತಿಗೆ ಒಂದು ಕ್ಷಣವೂ ಯೋಚಿಸಲಿಲ್ಲ. ‘ಟೆನೆನ್ಸಿ ಆಕ್ಟ್!’

ನಗು ಬಂತು. ಆದರೆ ಅವರ ತಪ್ಪೇನಿದೆ ಹೇಳಿ? 1974ರ ಭೂಸುಧಾರಣೆ ನೋಡಿದ ಮಲೆನಾಡಿನ ಮನೆಯಲ್ಲಿ ಹುಟ್ಟಿದವರಿಗೆ ಲ್ಯಾಂಡ್ ಅಂದರೆ ಜಮೀನು, ಲ್ಯಾಂಡಿನ ಕಾನೂನು ಅಂದರೆ ಉಳುವವನೇ ಹೊಲದೊಡೆಯ. ಆ ಪ್ರಶ್ನೆಯಲ್ಲಿ ಲ್ಯಾಂಡ್ ಅಂದರೆ ದೇಶ. ಉತ್ತರ: ಕಾನ್‌ಸ್ಟಿಟ್ಯೂಷನ್, ಅಂದರೆ ಸಂವಿಧಾನ. ಅತ್ತಿಗೆಗೆ ಸಂವಿಧಾನ ಗೊತ್ತಿರಲಿಲ್ಲ ಅಂತಲ್ಲ. ಪ್ರಶ್ನೆ ಕಿವಿಗೆ ಬಿತ್ತು, ತಲೆಗೆ ಹೋಗುವಾಗ ದಾರಿ ತಪ್ಪಿತು ಅಷ್ಟೆ.

ಆ ದಿನವೇ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಇದು ಬರೆದು ಪಾಸಾಗುವ ಪರೀಕ್ಷೆಯಲ್ಲ. ಎದುರಿಗೆ ಒಬ್ಬ ಅಧಿಕಾರಿ ಕೂತು ಕೇಳುತ್ತಾರೆ, ನೀವು ಬಾಯಲ್ಲಿ ಹೇಳಬೇಕು. ಹಾಗಾಗಿ ತಯಾರಿಯೂ ಕಿವಿ ಬಾಯಿಯಲ್ಲೇ ಆಗಬೇಕು. ಪುಸ್ತಕ ಹಿಡಿದು ಮೂಲೆಯಲ್ಲಿ ಕೂತು ಓದಿದರೆ ಆಗದು. ಎರಡೂವರೆ ತಿಂಗಳು ನಾವು ಮಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಅಪ್ಪ ಅಮ್ಮ ಅಲ್ಲಿಗೂ ಇಲ್ಲಿಗೂ ಓಡಾಡುತ್ತಿರುವ ಮನೆಗಳು ನಮ್ಮ ಕಡೆ ಈಗ ಜಾಸ್ತಿ ಇವೆಯಲ್ಲ, ಯಾರಿಗಾದರೂ ಬೇಕಾದೀತು.

ಮೊದಲು ತೋಟದ ಮಾತು

ಪ್ರಶ್ನೆಗಳಿಗಿಂತ ಮೊದಲು ಮನೆಯವರೆಲ್ಲ ಕೂತು ಇದನ್ನು ಮಾತಾಡಿಕೊಳ್ಳಿ. ಭಾರತದಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶವಿಲ್ಲ. ಅಮೆರಿಕದಲ್ಲಿ ಪ್ರಮಾಣ ತೆಗೆದುಕೊಂಡ ದಿನವೇ ಇಲ್ಲಿನ ಪೌರತ್ವ ಹೋಗುತ್ತದೆ. 1955ರ ಪೌರತ್ವ ಕಾಯ್ದೆ ಹೇಳುವುದು ಅದನ್ನೇ. ಆಮೇಲೆ ಭಾರತದ ಪಾಸ್‌ಪೋರ್ಟ್ ಬಳಸಿ ಓಡಾಡುವಂತಿಲ್ಲ. ಅದನ್ನು ಒಪ್ಪಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಊರಿಗೆ ಬಂದು ಹೋಗಲು ಓಸಿಐ ಕಾರ್ಡ್, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡ್, ಮಾಡಿಸಿಕೊಳ್ಳಬೇಕು.

ಓಸಿಐ ಇದ್ದರೆ ಎಲ್ಲ ಮೊದಲಿನ ಹಾಗೇ ಅಂತ ಸುಮ್ನೆ ಹೇಳುವವರಿದ್ದಾರೆ. ಹಾಗಲ್ಲ. ವೋಟು ಇಲ್ಲ. ಚುನಾವಣೆಗೆ ನಿಲ್ಲುವಂತಿಲ್ಲ. ನಮ್ಮವರಿಗೆ ಮುಖ್ಯವಾದದ್ದು ಇನ್ನೊಂದಿದೆ: ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಇಲ್ಲಿದ್ದಾಗ ಮಾಡಿಕೊಂಡ ತೋಟ ಇಟ್ಟುಕೊಳ್ಳಬಹುದು, ಹಿರಿಯರಿಂದ ಬಂದದ್ದನ್ನೂ ಇಟ್ಟುಕೊಳ್ಳಬಹುದು. ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂತು ಅಂತ ಆಮೇಲೆ ಕೊಳ್ಳಲು ಆಗುವುದಿಲ್ಲ. ಅತ್ತಿಗೆ ಹೆಸರಿಗೆ ತವರಿನ ಪಾಲು ಸ್ವಲ್ಪ ಇದೆ. ಅದರ ಕಾಗದಪತ್ರ ಸರಿ ಮಾಡಿಸಿಯೇ ಅವರು ಅರ್ಜಿ ಹಾಕಿದ್ದು. ಇಷ್ಟೆಲ್ಲ ಕೇಳಿ ‘ನಂಗೆ ಗ್ರೀನ್ ಕಾರ್ಡೇ ಸಾಕು’ ಅನ್ನಿಸಿದರೆ ಅದೂ ತಪ್ಪಲ್ಲ.

ನಿಮ್ಮದು ಯಾವ ಪರೀಕ್ಷೆ?

ಅತ್ತಿಗೆಯ ಪುಸ್ತಕದಲ್ಲಿ 100 ಪ್ರಶ್ನೆ ಇತ್ತು. ಯಾರೋ ಗೆಳೆಯರು ಬಳಸಿ ಮಗನಿಗೆ ಕೊಟ್ಟ ಪುಸ್ತಕ. ಅತ್ತಿಗೆ ಅದನ್ನೇ ಹಿಡಿದು ನಾಲ್ಕು ತಿಂಗಳು ಓದಿದ್ದರು, ಪಾಪ. ಆದರೆ 2025ರ ಅಕ್ಟೋಬರ್ 20 ಅಥವಾ ಅದರ ನಂತರ ಅರ್ಜಿ ಹಾಕಿದವರಿಗೆ ಪಟ್ಟಿ ಬದಲಾಗಿದೆ. ಈಗ 128 ಪ್ರಶ್ನೆ. ಅತ್ತಿಗೆ ಅರ್ಜಿ ಹಾಕಿದ್ದು ನವೆಂಬರ್‌ನಲ್ಲಿ!

ಹಳೆಯ ಪರೀಕ್ಷೆಯಲ್ಲಿ 10 ಪ್ರಶ್ನೆ ಕೇಳಿ, 6 ಸರಿಯಾದರೆ ಪಾಸ್. ಹೊಸದರಲ್ಲಿ 20 ಪ್ರಶ್ನೆಯವರೆಗೆ ಕೇಳುತ್ತಾರೆ, 12 ಸರಿಯಾಗಬೇಕು. 12 ಸರಿಯಾದ ಕೂಡಲೇ ನಿಲ್ಲಿಸುತ್ತಾರೆ. 9 ತಪ್ಪಾದರೂ ಅಲ್ಲಿಗೇ ನಿಲ್ಲಿಸುತ್ತಾರೆ. ಪ್ರಶ್ನೆಯ ರೀತಿಯೂ ಸ್ವಲ್ಪ ಬದಲಾಗಿದೆ. ಸಂವಿಧಾನದ ಮೊದಲ ಮೂರು ಪದ ಯಾವುದು ಅಂತ ಹಿಂದೆ ಕೇಳುತ್ತಿದ್ದರು. ‘ವೀ ದ ಪೀಪಲ್’ ಅಂದರೆ ಆಯಿತು. ಈಗ ಆ ಪದಗಳನ್ನು ಅವರೇ ಹೇಳಿ, ಅದರ ಅರ್ಥ ಏನು ಅಂತ ಕೇಳುತ್ತಾರೆ. ಜನರೇ ತಮ್ಮನ್ನು ಆಳಿಕೊಳ್ಳುವುದು ಅಂತ ಹೇಳಬೇಕು. ಬಾಯಿಪಾಠದವರು ತಡವರಿಸುವುದು ಇಲ್ಲೇ.

ವಯಸ್ಸಿನ ರಿಯಾಯಿತಿ ಇದೆಯಾ ನೋಡಿ. ಅರ್ಜಿ ಹಾಕುವ ದಿನಕ್ಕೆ 50 ವರ್ಷ ದಾಟಿ, ಗ್ರೀನ್ ಕಾರ್ಡ್ ಪಡೆದು ಅಲ್ಲಿ 20 ವರ್ಷವಾಗಿದ್ದರೆ, ಇಲ್ಲವೇ 55 ದಾಟಿ 15 ವರ್ಷವಾಗಿದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ. ದುಭಾಷಿಯನ್ನು ಕರೆದುಕೊಂಡು ಹೋಗಿ ಕನ್ನಡದಲ್ಲೇ ಉತ್ತರ ಕೊಡಬಹುದು. 65 ದಾಟಿ 20 ವರ್ಷವಾದವರಿಗೆ ಇನ್ನೂ ಸುಲಭ. ಗುರುತು ಹಾಕಿದ 20 ಪ್ರಶ್ನೆ ಮಾತ್ರ ಓದಬೇಕು, ಅದರಲ್ಲಿ 10 ಕೇಳುತ್ತಾರೆ, 6 ಸರಿಯಿದ್ದರೆ ಸಾಕು. ನಮ್ಮ ಅತ್ತಿಗೆಗೆ ವಯಸ್ಸಿತ್ತು, ಗ್ರೀನ್ ಕಾರ್ಡಿಗೆ ವಯಸ್ಸಾಗಿರಲಿಲ್ಲ. ಎಲ್ಲವೂ ಇಂಗ್ಲಿಷಿನಲ್ಲೇ.

ಪ್ರಶ್ನೆ, ಉತ್ತರ ಎರಡೂ ಈ ಪರೀಕ್ಷೆ ನಡೆಸುವ ಅಮೆರಿಕದ ಸರ್ಕಾರಿ ಇಲಾಖೆ ಯುಎಸ್‌ಸಿಐಎಸ್‌ನ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅದೇ ಪಟ್ಟಿಯನ್ನು ಬಣ್ಣದ ಪುಸ್ತಕ ಮಾಡಿ ‘ಗ್ಯಾರಂಟಿ ಪಾಸ್’ ಅಂತ ದುಡ್ಡು ಕೇಳಿದ ಒಂದು ಆನ್‌ಲೈನ್ ಕೋಚಿಂಗ್‌ಗೆ ನಾವೂ ಮೋಸಹೋದೆವು. ಎರಡು ಪಾಠ ನಡೆಯಿತು, ಮೂರನೆಯದಕ್ಕೆ ಮೇಷ್ಟ್ರೇ ಇಲ್ಲ. ನೀವು ಆ ದುಡ್ಡು ಉಳಿಸಿ. ಅರ್ಜಿಗೇ ಆನ್‌ಲೈನಿನಲ್ಲಿ 710 ಡಾಲರ್, ಕಾಗದದಲ್ಲಿ ಹಾಕಿದರೆ 760.

ಮದುವೆ ಕಾಗದದ ಹಿಂಬದಿ

ನಮ್ಮ ಮನೆಯಲ್ಲಿ ಹಳೆಯ ಮದುವೆ ಕಾಗದ ಬಿಸಾಡುವ ರೂಢಿ ಇಲ್ಲ. ಗಟ್ಟಿ ರಟ್ಟು, ಹಿಂದೆ ಖಾಲಿ. ಅದನ್ನು ಕತ್ತರಿಸಿ 128 ಕಾರ್ಡ್ ಮಾಡಿದೆವು. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಗಣಪತಿ ಚಿತ್ರದ ಕೆಳಗೆ ಅಬ್ರಹಾಂ ಲಿಂಕನ್.

ದಿನಕ್ಕೆ ಎಂಟು ಕಾರ್ಡ್. ಹದಿನಾರು ದಿನಕ್ಕೆ 128 ಮುಗಿಯುತ್ತದೆ. ಕಾರ್ಡನ್ನು ಇಂಗ್ಲಿಷಿನಲ್ಲಿ ಓದುವುದು, ಇದು ಏನು ಕೇಳುತ್ತಿದೆ ಅಂತ ಕನ್ನಡದಲ್ಲಿ ಮಾತಾಡುವುದು, ಉತ್ತರವನ್ನು ಮತ್ತೆ ಇಂಗ್ಲಿಷಿನಲ್ಲಿ ಹೇಳುವುದು. ಈ ಮಧ್ಯದ ಕನ್ನಡದ ಮಾತನ್ನು ಬಿಡಲೇಬೇಡಿ. ಟೆನೆನ್ಸಿ ಆಕ್ಟ್ ಸಿಕ್ಕಿಬಿದ್ದದ್ದು ಅಲ್ಲೇ. ಬರೀ ಇಂಗ್ಲಿಷಿನಲ್ಲಿ ಉರು ಹೊಡೆದರೆ ಏನು ಅರ್ಥವಾಗಿಲ್ಲ ಅನ್ನುವುದೇ ಗೊತ್ತಾಗುವುದಿಲ್ಲ.

ಆಮೇಲೆ ಮೂರು ರಾಶಿ. ಥಟ್ಟನೆ ಬಂದದ್ದು, ತಡವರಿಸಿ ಬಂದದ್ದು, ಬಾರದ್ದು. ಸಂಜೆ ಅಡಿಕೆ ಸುಲಿಯಲು ಕೂತಾಗ ಕೊನೆಯ ಎರಡು ರಾಶಿ ಮಾತ್ರ ನನ್ನ ಪಕ್ಕದಲ್ಲಿ. ಅವರ ಕೈ ಮೆಟ್ಟುಗತ್ತಿಯ ಮೇಲೆ, ಕಿವಿ ನನ್ನ ಕಡೆ. ಸುಲಿಯುವ ಕೈ ನಿಲ್ಲದೆ ಉತ್ತರ ಬಂದರೆ ಅದು ಮೊದಲ ರಾಶಿಗೆ. ಕೈ ನಿಂತರೆ ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ. ಇದಕ್ಕಿಂತ ಒಳ್ಳೆಯ ಅಳತೆಗೋಲು ನನ್ನ ಶಾಲೆಯ ದಿನಗಳಲ್ಲೂ ಸಿಕ್ಕಿರಲಿಲ್ಲ.

ಪಟ್ಟಿಯಲ್ಲಿ ಒಂದೊಂದು ಪ್ರಶ್ನೆಗೆ ಐದಾರು ಉತ್ತರ ಕೊಟ್ಟಿರುತ್ತಾರೆ. ‘ನೇಮ್ ಒನ್’ ಅಂದರೆ ಒಂದು ಸಾಕು. ಬಾಯಿಗೆ ಸುಲಭವಾದದ್ದನ್ನು ಆರಿಸಿ, ಮಿಕ್ಕಿದ್ದನ್ನು ಗೆರೆ ಎಳೆದು ಹೊಡೆದುಹಾಕಿ. 1900ರ ನಂತರದ ಯುದ್ಧ ಕೇಳಿದರೆ ‘ವಿಯೆಟ್ನಾಂ’ ಅಂದರೆ ಮುಗಿಯಿತು. ಆದರೆ ಎರಡು ಹೇಳಿ, ಮೂರು ಹೇಳಿ ಅನ್ನುವವೂ ಇವೆ. ಆ ಕಾರ್ಡುಗಳಿಗೆ ಕುಂಕುಮ ಹಚ್ಚಿ ಬೇರೆ ಕಟ್ಟು ಮಾಡಿದೆವು.

ಹೆಸರು ಒಂದೇ, ಅರ್ಥ ಬೇರೆ

ನಮ್ಮವರು ಜಾಸ್ತಿ ಜಾರುವುದು ಇತಿಹಾಸದಲ್ಲಲ್ಲ, ಸರ್ಕಾರದ ಪ್ರಶ್ನೆಗಳಲ್ಲಿ. ನಮಗೂ ಸಂವಿಧಾನ, ಗವರ್ನರ್, ಪ್ರೆಸಿಡೆಂಟ್, ಸುಪ್ರೀಂ ಕೋರ್ಟ್ ಎಲ್ಲ ಇವೆ. ಪದ ಕೇಳಿದ ಕೂಡಲೇ ನಮ್ಮದೇ ಚಿತ್ರ ಕಣ್ಣಿಗೆ ಬರುತ್ತದೆ.

ಕಾಂಗ್ರೆಸ್‌ನಿಂದ ಶುರು ಮಾಡಿ. ಅಲ್ಲಿ ಅದು ಪಕ್ಷವಲ್ಲ, ಪಾರ್ಲಿಮೆಂಟು. ‘ಕಾನೂನು ಮಾಡುವುದು ಯಾರು?’ ಅಂದರೆ ‘ಕಾಂಗ್ರೆಸ್’. ಇದನ್ನು ಒಪ್ಪಿಸಲು ನನಗೆ ಎರಡು ದಿನ ಬೇಕಾಯಿತು. ‘ಯಾರು ಗೆದ್ದರೂ ಕಾಂಗ್ರೆಸ್ಸಾ?’ ಅಂತ ಅತ್ತಿಗೆ ಕೇಳಿದರು. ಹೌದು, ಯಾರು ಗೆದ್ದರೂ ಕೂರುವುದು ಕಾಂಗ್ರೆಸ್‌ನಲ್ಲೇ. ಪಕ್ಷಗಳ ಹೆಸರು ಡೆಮಾಕ್ರಟಿಕ್, ರಿಪಬ್ಲಿಕನ್.

ಪ್ರೆಸಿಡೆಂಟ್ ಅಂದರೆ ನಮ್ಮ ರಾಷ್ಟ್ರಪತಿಯಲ್ಲ. ರಾಷ್ಟ್ರಪತಿ, ಪ್ರಧಾನಿ ಇಬ್ಬರನ್ನೂ ಸೇರಿಸಿದರೆ ಒಬ್ಬ ಅಮೆರಿಕದ ಪ್ರೆಸಿಡೆಂಟ್. ಸರ್ಕಾರ ನಡೆಸುವುದೂ ಅವರೇ, ಸೇನೆಯ ಮುಖ್ಯಸ್ಥರೂ ಅವರೇ. ಅವಧಿ ನಾಲ್ಕು ವರ್ಷ.

ಗವರ್ನರ್ ಅಂದರೆ ದಿಲ್ಲಿಯಿಂದ ಬರುವ ರಾಜ್ಯಪಾಲರಲ್ಲ. ಜನ ವೋಟು ಹಾಕಿ ಆರಿಸುವ, ರಾಜ್ಯ ನಡೆಸುವ ಮನುಷ್ಯ. ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಶಿವಮೊಗ್ಗದ ಕಡೆಯವರಿಗೆ ಇದು ಕಷ್ಟವಾಗಬಾರದು. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಯಡಿಯೂರಪ್ಪ ಅಂತ ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ. ‘ಗವರ್ನರ್ ಅಂದರೆ ಯಡಿಯೂರಪ್ಪ ಕೂತಿದ್ದಂಥ ಕುರ್ಚಿ’ ಅಂದೆ, ಅತ್ತಿಗೆ ಮತ್ತೆ ತಪ್ಪಲಿಲ್ಲ. ಸ್ಪೀಕರ್‌ಗೂ ಅದೇ ಉಪಾಯ. ಸಾಗರದ ಕಾಗೋಡು ತಿಮ್ಮಪ್ಪ ವಿಧಾನಸಭೆಯಲ್ಲಿ ಕೂತಿದ್ದ ಜಾಗ. ಅಲ್ಲಿ ಅಂಥ ಜಾಗದಲ್ಲಿ ಕೂರುವವರು ಸ್ಪೀಕರ್ ಆಫ್ ದ ಹೌಸ್. ಒಂದು ವ್ಯತ್ಯಾಸ ಇದೆ. ಪ್ರೆಸಿಡೆಂಟ್, ವೈಸ್ ಪ್ರೆಸಿಡೆಂಟ್ ಇಬ್ಬರೂ ಇಲ್ಲವಾದರೆ ಅಧಿಕಾರ ಸ್ಪೀಕರ್‌ಗೆ ಬರುತ್ತದೆ.

ಸೆಕ್ರೆಟರಿ ಅಂದರೆ ಮಂತ್ರಿ. ಸೆಕ್ರೆಟರಿ ಆಫ್ ಸ್ಟೇಟ್ ಅಂದರೆ ವಿದೇಶಾಂಗ ಮಂತ್ರಿ. ಪಂಚಾಯ್ತಿ ಸೆಕ್ರೆಟರಿ ನೆನಪಾದರೆ ತಲೆ ಕೊಡವಿಕೊಳ್ಳಿ.

ಕಾಂಗ್ರೆಸ್‌ನ ಮೇಲ್ಮನೆ ಸೆನೆಟ್ಟನ್ನು ರಾಜ್ಯಸಭೆಯ ಪಕ್ಕ ಇಟ್ಟು ನೋಡಿ. ಎರಡರಲ್ಲೂ ಅವಧಿ ಆರು ವರ್ಷ. ಆದರೆ ಕರ್ನಾಟಕಕ್ಕೆ ರಾಜ್ಯಸಭೆಯಲ್ಲಿ 12 ಸೀಟು, ಬೇರೆ ರಾಜ್ಯಕ್ಕೆ ಬೇರೆ ಲೆಕ್ಕ. ಅಲ್ಲಿ ದೊಡ್ಡದಿರಲಿ ಚಿಕ್ಕದಿರಲಿ, ರಾಜ್ಯಕ್ಕೆ ಇಬ್ಬರು. 50 ರಾಜ್ಯ, 100 ಸೆನೆಟರ್. ಕೆಳಮನೆಯಲ್ಲಿ, ಅಂದರೆ ಹೌಸ್‌ನಲ್ಲಿ, 435. ಅವರ ಅವಧಿ ಎರಡೇ ವರ್ಷ. ‘ಎರಡೇ ವರ್ಷಾನಾ? ಗೆದ್ದು ಹಾಕಿದ ಹಾರ ಒಣಗೋ ಮೊದಲೇ ಮತ್ತೆ ಎಲೆಕ್ಷನ್!’ ಅಂದರು ಅತ್ತಿಗೆ. ಆಮೇಲೆ ಆ ಪ್ರಶ್ನೆಗೆ ನಾವು ಹಾರ ಅಂತಲೇ ಹೆಸರಿಟ್ಟೆವು.

ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ಜನ, ಜೀವನಪೂರ್ತಿ. ನಮ್ಮಲ್ಲಿ 65ಕ್ಕೆ ನಿವೃತ್ತಿ. ಸಂವಿಧಾನದ ತಿದ್ದುಪಡಿ ಅಲ್ಲಿ 27, ನಮ್ಮಲ್ಲಿ ನೂರು ದಾಟಿದೆ. ಮೊದಲ ಹತ್ತಕ್ಕೆ ‘ಬಿಲ್ ಆಫ್ ರೈಟ್ಸ್’ ಅಂತ ಹೆಸರು. ಅಂಗಡಿಯ ಬಿಲ್ಲಲ್ಲ.

ಇನ್ನೊಂದು ಬಲೆ ‘ಇಂಡಿಯನ್’. ಯೂರೋಪಿನವರು ಬರುವ ಮೊದಲು ಅಲ್ಲಿ ಯಾರಿದ್ದರು ಅಂತ ಕೇಳುತ್ತಾರೆ. ಅಮೆರಿಕನ್ ಇಂಡಿಯನ್ಸ್ ಅಂತಲೂ, ನೇಟಿವ್ ಅಮೆರಿಕನ್ಸ್ ಅಂತಲೂ ಉತ್ತರ ಕೊಟ್ಟಿದ್ದಾರೆ. ಎರಡನೆಯದನ್ನೇ ಇಟ್ಟುಕೊಳ್ಳಿ, ಗೊಂದಲವಿಲ್ಲ.

ಇಸವಿಗೆ ನಮ್ಮೂರಿನ ಗೂಟ

ಇಸವಿ ನೆನಪಿಡುವುದು ಅಂದರೆ ಅತ್ತಿಗೆಗೆ ಶಾಲೆಯ ದಿನದಿಂದಲೂ ಅಲರ್ಜಿ. ಗೊತ್ತಿರುವುದಕ್ಕೆ ಕಟ್ಟಿದರೆ ಮಾತ್ರ ನಿಲ್ಲುತ್ತದೆ. ಹಾಗಾಗಿ ಒಂದು ಭಾನುವಾರ ಹೊಸನಗರದ ಕಡೆ ನಗರದ ಕೋಟೆಗೆ ಕರೆದುಕೊಂಡು ಹೋದೆ. ಕೆಳದಿಯವರ ಬಿದನೂರು ಅದು. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಹೈದರಾಲಿ ಕಿತ್ತುಕೊಂಡ. ಆಗಿ ಹದಿಮೂರು ವರ್ಷಕ್ಕೆ, 1776ರ ಜುಲೈ 4ರಂದು, ಅಮೆರಿಕದವರು ‘ನಾವು ಇನ್ನು ಬ್ರಿಟಿಷರ ಕೈಕೆಳಗಿಲ್ಲ’ ಅಂದರು. ಅವರು ಹಾಗೆಂದಾಗ ವಸಾಹತುಗಳು ಎಷ್ಟು? ಅದೂ ಹದಿಮೂರೇ. ಬಾವುಟದಲ್ಲಿ ಪಟ್ಟೆ 13 ಇರುವುದು ಅದಕ್ಕೇ. ನಕ್ಷತ್ರ 50, ಈಗಿನ ರಾಜ್ಯಗಳಿಗೆ. ಕೋಟೆ ಮೆಟ್ಟಿಲ ಮೇಲೆ ಕೂತು ಕೋಡುಬಳೆ ತಿನ್ನುತ್ತಾ ಅಷ್ಟೂ ಮುಗಿಯಿತು.

ನನಗೆ ತುಂಬಾ ಇಷ್ಟವಾದ ಗೂಟ ಬ್ರಿಟಿಷರ ಸೇನಾಪತಿ ಕಾರ್ನ್‌ವಾಲಿಸ್. ಮೈಸೂರು ಇತಿಹಾಸ ಓದಿದವರಿಗೆಲ್ಲ ಗೊತ್ತು: 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡ ಮನುಷ್ಯ. ಅದೇ ಕಾರ್ನ್‌ವಾಲಿಸ್ ಹನ್ನೊಂದು ವರ್ಷ ಮೊದಲು, 1781ರ ಅಕ್ಟೋಬರ್‌ನಲ್ಲಿ, ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಎದುರು ಸೋತು ಶರಣಾಗಿದ್ದ. ಶರಣಾಗುವ ಹೊತ್ತಿಗೆ ಮೈ ಸರಿಯಿಲ್ಲ ಅಂತ ತಾನು ಬಾರದೆ ಕೈಕೆಳಗಿನವನನ್ನು ಕಳಿಸಿದ. ಅಲ್ಲಿ ಮಾನ ಕಳಕೊಂಡವ ಇಲ್ಲಿ ಬಂದು ಗಳಿಸಿಕೊಂಡ. ಸ್ವಾತಂತ್ರ್ಯ ಯುದ್ಧದ ಒಂದು ಮುಖ್ಯ ಘಟನೆ ಹೇಳಿ ಅಂತ ಪಟ್ಟಿಯಲ್ಲಿ ಪ್ರಶ್ನೆ ಇದೆ. ಯಾರ್ಕ್‌ಟೌನ್ ಒಂದು ಉತ್ತರ. ಅತ್ತಿಗೆ ಇದನ್ನು ಅಡಿಕೆ ಸುಲಿಯಲು ಬಂದವರಿಗೆಲ್ಲ ಹೇಳಿ ಹೇಳಿ, ಕೊನೆಗೆ ಜಗಲಿಯಲ್ಲಿ ಎಲ್ಲರಿಗೂ ಯಾರ್ಕ್‌ಟೌನ್ ಗೊತ್ತಾಯಿತು.

ಸಂವಿಧಾನ ಬರೆದದ್ದು 1787. ವಾಷಿಂಗ್ಟನ್ ಮೊದಲ ಪ್ರೆಸಿಡೆಂಟ್. ಟಿಪ್ಪು ಸತ್ತ ವರ್ಷವೇ ವಾಷಿಂಗ್ಟನ್ ಸತ್ತದ್ದೂ, 1799. ಇದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ. ಆದರೆ ಆ ಕಾಲ ಕಣ್ಣಿಗೆ ಕಟ್ಟುತ್ತದೆ.

ತೆರಿಗೆಯ ಜಗಳ, ಬ್ರಿಟಿಷರ ಮೇಲಿನ ಸಿಟ್ಟು ಬಂದಾಗ ಶಿಕಾರಿಪುರದ ಈಸೂರು ನೆನಪಿಸಿಕೊಳ್ಳಿ. 1942ರಲ್ಲಿ ಒಂದು ಹಳ್ಳಿ ತನ್ನದೇ ಸರ್ಕಾರ ಮಾಡಿಕೊಂಡಿತು, ಮುಂದಿನ ವರ್ಷ ಐವರು ಗಲ್ಲಿಗೇರಿದರು. ‘ನಮ್ಮ ಪ್ರತಿನಿಧಿ ಇಲ್ಲದೆ ನಮ್ಮ ಮೇಲೆ ತೆರಿಗೆ ಯಾಕೆ’ ಅಂದ ಅಮೆರಿಕದವರ ಸಿಟ್ಟು ಹೊಸದಾಗಿ ಕಾಣುವುದಿಲ್ಲ.

ಅಂತರ್ಯುದ್ಧ 1861ರಿಂದ 1865. ನಮ್ಮ 1857ರ ದಂಗೆಯ ಬೆನ್ನಿಗೇ. ಉತ್ತರದ ರಾಜ್ಯಗಳು, ದಕ್ಷಿಣದ ರಾಜ್ಯಗಳ ಮಧ್ಯೆ. ಮುಖ್ಯ ಕಾರಣ ಗುಲಾಮಗಿರಿ. ಲಿಂಕನ್ ಬಿಡುಗಡೆ ಘೋಷಿಸಿದ. ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಹೇಳಿಕೊಡುವುದೇ ಬೇಡವಾಯಿತು. ‘ಗಾಂಧಿ ದಾರಿಯವರು’ ಅಂತ ಅತ್ತಿಗೆಗೆ ಗೊತ್ತಿತ್ತು. 1959ರಲ್ಲಿ ಭಾರತಕ್ಕೂ ಬಂದಿದ್ದರು.

ಹೆಂಗಸರಿಗೆ ವೋಟು ಸಿಕ್ಕಿದ್ದು 1920ರಲ್ಲಿ ಅಂದಾಗ ಅತ್ತಿಗೆ ಮೆಟ್ಟುಗತ್ತಿ ಬಿಟ್ಟು ತಿರುಗಿದರು. ‘ಸ್ವಾತಂತ್ರ್ಯ ಬಂದದ್ದು 1776ರಲ್ಲಿ ಅಂದೆ ನೀನು. ಅಷ್ಟು ವರ್ಷ?’ ಹೌದು, 144 ವರ್ಷ. ನಮ್ಮಲ್ಲಿ 1951-52ರ ಮೊದಲ ಚುನಾವಣೆಗೇ ಅಜ್ಜಿಯಂದಿರು ಹೋಗಿ ಹಾಕಿ ಬಂದರು. ಆ ಕಾರ್ಡ್ ಮತ್ತೆ ತೋರಿಸಬೇಕಾಗಲಿಲ್ಲ.

ಹಬ್ಬಗಳಲ್ಲಿ ಗೊಂದಲವಾಗುವುದು ಎರಡು. ಮೆಮೋರಿಯಲ್ ಡೇ ಯುದ್ಧದಲ್ಲಿ ಸತ್ತವರಿಗೆ, ವೆಟರನ್ಸ್ ಡೇ ಸೇನೆಯಲ್ಲಿ ದುಡಿದವರೆಲ್ಲರಿಗೆ. ಥ್ಯಾಂಕ್ಸ್‌ಗಿವಿಂಗ್ ನಮ್ಮ ಹೊಸ್ತಿನ ಊಟದಂಥದು.

ಹಳಸುವ ಉತ್ತರಗಳು

ಕೆಲವು ಉತ್ತರ ಹಾಲಿನ ಹಾಗೆ, ಇಟ್ಟರೆ ಕೆಡುತ್ತವೆ. ಪ್ರೆಸಿಡೆಂಟ್, ಸ್ಪೀಕರ್, ನಿಮ್ಮ ಸೆನೆಟರ್, ನಿಮ್ಮ ಗವರ್ನರ್. ಡಿಸೆಂಬರ್‌ನಲ್ಲಿ ಅತ್ತಿಗೆ ನ್ಯೂಜೆರ್ಸಿ ಗವರ್ನರ್ ಫಿಲ್ ಮರ್ಫಿ ಅಂತ ಗಟ್ಟಿ ಮಾಡಿದ್ದರು. ಜನವರಿಯಲ್ಲಿ ಮೈಕಿ ಶೆರಿಲ್ ಪ್ರಮಾಣ ತೆಗೆದುಕೊಂಡರು. ಕಾರ್ಡ್ ಹರಿದು ಹೊಸದು ಬರೆದೆವು. ಸಂದರ್ಶನದ ಹಿಂದಿನ ದಿನ ಇವನ್ನೆಲ್ಲ ಒಮ್ಮೆ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ರಾಜ್ಯದ ರಾಜಧಾನಿಯನ್ನೂ ಕೇಳುತ್ತಾರೆ. ನಮಗೆ ದೊಡ್ಡ ಊರೇ ರಾಜಧಾನಿ ಅನ್ನುವ ಅಭ್ಯಾಸ, ಬೆಂಗಳೂರಿನ ದೆಸೆಯಿಂದ. ಅಲ್ಲಿ ಹಾಗಿಲ್ಲ. ನ್ಯೂಜೆರ್ಸಿಗೆ ಟ್ರೆಂಟನ್, ಕ್ಯಾಲಿಫೋರ್ನಿಯಾಗೆ ಸ್ಯಾಕ್ರಮೆಂಟೊ, ಟೆಕ್ಸಾಸ್‌ಗೆ ಆಸ್ಟಿನ್, ನ್ಯೂಯಾರ್ಕ್ ರಾಜ್ಯಕ್ಕೆ ಆಲ್ಬನಿ.

ನನ್ನ ಇಂಗ್ಲಿಷೇ ತೊಂದರೆ

ಒಂದು ತಿಂಗಳು ಕಳೆದ ಮೇಲೆ ಮೊಮ್ಮಗ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದ. ಅತ್ತಿಗೆ ಪಿಳಿಪಿಳಿ ನೋಡಿದರು. ಅದೇ ಪ್ರಶ್ನೆಯನ್ನು ನಾನು ಕೇಳಿದೆ, ಥಟ್ಟನೆ ಉತ್ತರ ಬಂತು. ಅವರು ಕಲಿತದ್ದು ತೀರ್ಥಹಳ್ಳಿ ಇಂಗ್ಲಿಷಿನ ಅಮೆರಿಕ!

ಅಂದಿನಿಂದ ಪ್ರಶ್ನೆ ಕೇಳುವ ಕೆಲಸ ಮೊಮ್ಮಗನಿಗೆ. ದಿನಕ್ಕೆ ಇಪ್ಪತ್ತು ಪ್ರಶ್ನೆ, ಹಿಂದುಮುಂದಾಗಿ, ವಾಟ್ಸಾಪ್ ವಾಯ್ಸ್ ಮೆಸೇಜ್. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬರುವುದಿಲ್ಲ, ಮೇಲಿನ ಗುಡ್ಡಕ್ಕೆ ಹೋಗಬೇಕು. ಬೆಳಿಗ್ಗೆ ಹೋಗಿ ಡೌನ್‌ಲೋಡ್ ಮಾಡಿಕೊಂಡು ಬಂದು, ಇಡೀ ದಿನ ಕೇಳುವುದು. ಅವನ ಅಕ್ಕ, ಅಪ್ಪ, ಪಕ್ಕದ ಮನೆಯವರ ದನಿಯೂ ಬಂತು. ನಾಲ್ಕಾರು ದನಿ ಕೇಳಿದ ಕಿವಿ ಹೊಸ ದನಿಗೆ ಹೆದರುವುದಿಲ್ಲ. ಇದನ್ನು ಮೊದಲ ವಾರದಿಂದಲೇ ಮಾಡಬೇಕಿತ್ತು.

ಅರ್ಥವಾಗದಿದ್ದರೆ ‘ಕ್ಯಾನ್ ಯು ರಿಪೀಟ್, ಪ್ಲೀಸ್?’ ಅನ್ನಲು ನಾಚಿಕೆ ಬೇಡ. ಕೇಳಬಹುದು. ಗೊತ್ತಿಲ್ಲದೆ ತಲೆಯಾಡಿಸುವುದೇ ಅಪಾಯ.

‘ಹ್ಯಾವ್ ಯು ಎವರ್?’

ನನ್ನ ಪ್ರಕಾರ ಕಷ್ಟದ ಭಾಗ 128 ಪ್ರಶ್ನೆಯಲ್ಲ, ಅರ್ಜಿ. ಎನ್-400 ಅನ್ನುವ ಫಾರ್ಮ್ ಮುಂದಿಟ್ಟುಕೊಂಡು ಅಧಿಕಾರಿ ಅದರಲ್ಲಿರುವುದನ್ನೇ ಕೇಳುತ್ತಾ ಹೋಗುತ್ತಾರೆ. ಇಂಗ್ಲಿಷ್ ಮಾತಾಡಲು ಬರುತ್ತದಾ ಅಂತ ಅಳೆಯುವುದು ಆ ಮಾತುಕತೆಯಲ್ಲೇ. ಎಂದಾದರೂ ಕಮ್ಯುನಿಸ್ಟ್ ಪಕ್ಷದಲ್ಲಿದ್ದಿರಾ, ಎಂದಾದರೂ ಅಮೆರಿಕದಲ್ಲಿ ವೋಟು ಹಾಕಿದ್ದಿರಾ, ಎಂದಾದರೂ ಬಂಧನವಾಗಿತ್ತಾ. ಎಲ್ಲ ‘ಹ್ಯಾವ್ ಯು ಎವರ್’ ಅಂತ ಶುರು.

ಅತ್ತಿಗೆ ‘ನೋ, ನೋ, ನೋ’ ಅಂತ ತಾಳ ಹಿಡಿದುಬಿಟ್ಟರು. ಅದೇ ತಾಳದಲ್ಲಿ ಕೊನೆಯ ಪ್ರಶ್ನೆ ಬಂತು: ದೇಶಕ್ಕೆ ನಿಷ್ಠರಾಗಿರುತ್ತೇನೆ ಅಂತ ಪ್ರಮಾಣ ಮಾಡುತ್ತೀರಾ? ‘ನೋ!’ ಜಗಲಿಯಲ್ಲಿ ಆದದ್ದು, ಪುಣ್ಯ.

ಅಲ್ಲೇ ‘ಬೇರ್ ಆರ್ಮ್ಸ್’ ಅನ್ನುವ ಮಾತೂ ಇದೆ. ಅತ್ತಿಗೆ ಮೆಲ್ಲಗೆ ಕೇಳಿದರು, ‘ಕರಡಿ ಕೈಗೂ ಸಿಟಿಜನ್‌ಶಿಪ್‌ಗೂ ಏನು?’ ಕಾನೂನು ಹೇಳಿದರೆ ದೇಶಕ್ಕಾಗಿ ಆಯುಧ ಹಿಡಿಯುತ್ತೀರಾ ಅಂತ ಅದರ ಅರ್ಥ. ಓತ್ (ಪ್ರಮಾಣ), ಅಲಿಜಿಯನ್ಸ್ (ನಿಷ್ಠೆ), ಡಿಪೋರ್ಟ್ (ಗಡೀಪಾರು), ಇಂಥ ಮೂವತ್ತು ನಲವತ್ತು ಪದ ಬೇರೆ ಬರೆದುಕೊಂಡು, ಪ್ರತಿಯೊಂದಕ್ಕೂ ಒಂದು ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಅರ್ಥ ಹೇಳಲು ಕಲಿಯಿರಿ. ‘ಓತ್ ಅಂದರೇನು?’ ಅಂತ ಕೆಲವರು ತಿರುಗಿ ಕೇಳುತ್ತಾರೆ. ‘ಎ ಪ್ರಾಮಿಸ್’ ಅಂದರೆ ಸಾಕು.

ಊರಿಗೆ ಬಂದುಹೋದ ತಾರೀಕುಗಳನ್ನು ಪಾಸ್‌ಪೋರ್ಟಿನ ಮುದ್ರೆ ನೋಡಿಯೇ ಬರೆಯಿರಿ. ಐದು ವರ್ಷದಲ್ಲಿ ಅರ್ಧ, ಅಂದರೆ 30 ತಿಂಗಳು, ಅಲ್ಲೇ ಇದ್ದಿರಬೇಕು. ಒಂದೇ ಸಲಕ್ಕೆ ಆರು ತಿಂಗಳು ದಾಟಿ ಹೊರಗಿದ್ದರೆ ಕಾರಣ, ಪುರಾವೆ ಕೇಳುತ್ತಾರೆ. ವರ್ಷ ದಾಟಿದರೆ ಲೆಕ್ಕವೇ ಮುರಿಯುತ್ತದೆ. ಕೊಯ್ಲು ಮುಗಿದು, ಮದುವೆ ಮುಗಿದು, ಮಾವಿನಮಿಡಿ ಉಪ್ಪಿನಕಾಯಿಯೂ ಆಗಲಿ ಅಂತ ಕೂತವರು ಸಿಕ್ಕಿಹಾಕಿಕೊಳ್ಳುವುದು ಹೀಗೆ.

ಓದು, ಬರಹ

ಇದು ಸುಲಭ. ಮೂರು ವಾಕ್ಯದಲ್ಲಿ ಒಂದನ್ನು ಸರಿಯಾಗಿ ಓದಬೇಕು, ಮೂರರಲ್ಲಿ ಒಂದನ್ನು ಕೇಳಿ ಬರೆಯಬೇಕು. ಯಾವ ಪದಗಳು ಬರುತ್ತವೆ ಅಂತ ಪಟ್ಟಿಯೂ ಕೊಟ್ಟಿದ್ದಾರೆ. ದಿನಾ ರಾತ್ರಿ ಐದು ವಾಕ್ಯ ಉಕ್ತಲೇಖನ ಕೊಟ್ಟೆ. ಪದವನ್ನು ಚಿಕ್ಕದು ಮಾಡಿ ಬರೆಯಬಾರದು, ಪೂರ್ತಿ ಬರೆಯಬೇಕು.

ಆ ದಿನ

ಗ್ರೀನ್ ಕಾರ್ಡ್, ಕರೆದ ಪತ್ರ, ಹಳೆಯದೂ ಹೊಸದೂ ಎಲ್ಲ ಪಾಸ್‌ಪೋರ್ಟ್ ಒಂದೇ ಚೀಲದಲ್ಲಿರಲಿ. ಯಾವುದಾದರೂ ಭಾಗ ಕೈಕೊಟ್ಟರೆ 60ರಿಂದ 90 ದಿನದೊಳಗೆ ಇನ್ನೊಮ್ಮೆ ಕರೆಯುತ್ತಾರೆ, ಆ ಭಾಗವನ್ನು ಮಾತ್ರ ಕೇಳುತ್ತಾರೆ. ಇದು ಗೊತ್ತಿದ್ದರೆ ಎದೆ ಸ್ವಲ್ಪ ಹಗುರ.

ಅತ್ತಿಗೆ ಫೆಬ್ರವರಿ ಕೊನೆಗೆ ಹೊರಟರು. ಮುಂದೆ ಸಂದರ್ಶನಕ್ಕೆ ಕರೆ ಬಂತು. ಅಂದು ರಾತ್ರಿ ಫೋನ್ ಮಾಡಿದಾಗ ದನಿಯಲ್ಲಿ ಖುಷಿಗಿಂತ ಬೇಜಾರೇ ಜಾಸ್ತಿ ಇತ್ತು. ಒಂದು ತಪ್ಪಾಯಿತಂತೆ, ಹನ್ನೆರಡು ಸರಿಯಾದವಂತೆ, ಹದಿಮೂರಕ್ಕೇ ನಿಲ್ಲಿಸಿಬಿಟ್ಟರಂತೆ. ‘ಕಾರ್ನ್‌ವಾಲಿಸ್ ಬರಲೇ ಇಲ್ಲ ಕಣೆ’ ಅಂದರು.

ಮದುವೆ ಕಾಗದದ ಕಟ್ಟು ಈಗ ಕೊಪ್ಪದ ಒಬ್ಬರ ಮನೆಯಲ್ಲಿದೆ. ಕೊಡುವಾಗ ಗವರ್ನರ್, ಸೆನೆಟರ್, ರಾಜಧಾನಿ ಕಾರ್ಡುಗಳನ್ನು ತೆಗೆದಿಟ್ಟುಕೊಂಡೆ. ಅವರ ಮಗಳು ಇರುವುದು ಟೆಕ್ಸಾಸಿನಲ್ಲಿ.